ಮೂರು ಸುತ್ತಿನ ಮಹೇಂದ್ರ

ನಂಜನಗೂಡಿನಲ್ಲಿ ನಾನು ಬಸ್ ಸ್ಟ್ಯಾಂಡಿಗೆ ಹೋದರೂ ಸರಿ, ಹಾಲು ತರಲು ಹೋದರೂ ಸರಿ, ಯಾರಾದರೊಬ್ಬರು ಹಿಡಿದು ನಿಲ್ಲಿಸಿಕೊಂಡು ಮಹೇಂದ್ರನ ವಿಷಯ ಎತ್ತುತ್ತಾರೆ. ‘ಅಲ್ಲಾ ಮೇಷ್ಟ್ರೇ, ಎರಡು ತಾಲ್ಲೂಕು ಹುಡುಕಿದ್ರೂ ಅಂಥ ದಮ್ಮು ಇರೋನು ಸಿಕ್ತಿರ್ಲಿಲ್ಲ. ಅಂಥೋನು ಹೋಗಿ ಹೋಗಿ ಮೂರೇ ಸುತ್ತಿನ ರೇಸಿಗೆ ಯಾಕೆ ಅಂಟ್ಕೊಂಡ?’ ನಾನು ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವನು, ಹೆಸರು ಸೋಮಶೇಖರ್. ಅವನನ್ನು ಸೈಕಲ್ ರೇಸಿಗೆ ಹಚ್ಚಿದವನು ನಾನೇ. ಹಾಗಾಗಿ ಉತ್ತರವನ್ನೂ ನಾನೇ ಕೊಡಬೇಕೆಂದು ಜನ ತಿಳಿದಿದ್ದಾರೆ. ಹಾಲಿನ ಚೊಂಬು ಹಿಡಿದು ನಿಂತು ಹೇಳುವ ಕಥೆಯಲ್ಲ ಅದು. ಬರೆದೇ ಬಿಡುತ್ತೇನೆ. ಇನ್ನು ಮೇಲೆ ಕೇಳಿದವರ ಕೈಗೆ ಇದನ್ನು ಕೊಟ್ಟು ನನ್ನ ದಾರಿ ನಾನು ಹಿಡಿಯಬಹುದು.

ನಂಜನಗೂಡಿನಿಂದ ತಿ. ನರಸೀಪುರಕ್ಕೆ ಹೋಗುವ ಬಸ್ಸಿನಲ್ಲಿ ಮಲ್ಲಯ್ಯನಹುಂಡಿ ಗೇಟ್ ಅಂತ ಟಿಕೆಟ್ ಕೇಳಿದರೆ ಕಂಡಕ್ಟರ್ ಗೊಣಗುತ್ತಲೇ ಕೊಡುತ್ತಾನೆ. ಅಲ್ಲಿ ಇಳಿಯುವವರು ಕಡಿಮೆ. ಗೇಟಿನಿಂದ ಒಳಕ್ಕೆ ನಡೆದರೆ ಊರ ಮುಂದೆ ಒಂದು ಬಯಲು, ಬಯಲಿನ ನಡುವೆ ಅರಳಿಕಟ್ಟೆ, ಕಟ್ಟೆಯ ಮೇಲೆ ನಾಗರ ಕಲ್ಲು. ಕಟ್ಟೆಗೆ ಎದುರಾಗಿರುವ ಮೊದಲನೆಯ ಮನೆ ಕೂಲಿ ಮಾಡಿಕೊಂಡಿದ್ದ ಚಾಮಯ್ಯನದು. ಚಾಮಯ್ಯ ಬೇಗ ಹೋಗಿಬಿಟ್ಟ. ಹೆಂಡತಿ ರಾಚಮ್ಮ, ಒಬ್ಬನೇ ಮಗ ಮಹೇಂದ್ರ. ಹುಡುಗ ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟು, ಸೈಕಲ್ಲಿಗೆ ಬಾಳೆಗೊನೆ ಕಟ್ಟಿಕೊಂಡು ನಂಜನಗೂಡಿಗೂ ನರಸೀಪುರಕ್ಕೂ ತುಳಿಯುತ್ತಿದ್ದ. ಬರಿಯ ಸೈಕಲ್ ತುಳಿಯುವುದೇ ಕಷ್ಟವಾದ ಆ ಏರಿನಲ್ಲಿ ಅವನು ಗೊನೆಗಳ ಸಮೇತ ಬಸ್ಸಿಗೆ ಪೋಟಿ ಕೊಡುತ್ತಿದ್ದನಂತೆ.

1992ರಲ್ಲಿ ಆ ಊರಿಗೆ ನಾನ್‌ಸ್ಟಾಪ್ ಸೈಕಲ್ ತಂಡ ಬಂತು. ಈಗಿನ ಹುಡುಗರಿಗೆ ಅದು ಗೊತ್ತಿಲ್ಲ, ಹೇಳಿದರೆ ನಗುತ್ತಾರೆ. ಒಬ್ಬ ಮನುಷ್ಯ ಸೈಕಲ್ ಹತ್ತಿ ಊರ ಬಯಲಿನಲ್ಲಿ ಸುತ್ತಲು ಶುರು ಮಾಡಿದರೆ ಮೂರು ದಿನ ಕೆಳಗೆ ಕಾಲಿಡುವ ಹಾಗಿಲ್ಲ. ಊಟ, ಸ್ನಾನ, ಗಡ್ಡ ಮಾಡಿಕೊಳ್ಳುವುದು, ಅಂಗಿ ಬದಲಾಯಿಸುವುದು ಎಲ್ಲವೂ ಸೈಕಲ್ಲಿನ ಮೇಲೇ. ಮಿಕ್ಕಿದ್ದನ್ನು ಕೇಳಬೇಡಿ, ನಾನೂ ಕೇಳಿಲ್ಲ. ಮೈಕಿನಲ್ಲಿ ಸಿನಿಮಾ ಹಾಡು ಹಾಕಿರುತ್ತಾರೆ. ಸಂಜೆ ಜನ ಸೇರಿದಾಗ ಹ್ಯಾಂಡಲ್ ಬಿಟ್ಟು ನಿಲ್ಲುವುದು, ನೆಲದಲ್ಲಿಟ್ಟ ಹೂವನ್ನು ಬಾಯಲ್ಲಿ ಎತ್ತುವುದು, ಹೀಗೆ ಒಂದಷ್ಟು ಕಸರತ್ತು. ಮಲ್ಲಯ್ಯನಹುಂಡಿಯಲ್ಲಿ ಎರಡನೇ ದಿನವೇ ಸವಾರನಿಗೆ ಚಳಿಜ್ವರ ಬಂದು ಸೈಕಲ್ಲಿನಿಂದ ಉರುಳಿದ. ತಂಡದ ಯಜಮಾನ ಮೈಕ್ ಹಿಡಿದು ಏನು ಹೇಳುವುದೆಂದು ತೋಚದೆ ನಿಂತಿದ್ದಾಗ, ಹದಿನಾರು ವರ್ಷದ ಮಹೇಂದ್ರ ಹೋಗಿ ಆ ಸೈಕಲ್ಲನ್ನೇ ಎತ್ತಿ ನಿಲ್ಲಿಸಿ ಹತ್ತಿದ. ಇಳಿದದ್ದು ಮೂರನೇ ದಿನ ಸಂಜೆ. ಯಜಮಾನ ಅವನನ್ನು ತನ್ನ ಜೊತೆಯಲ್ಲೇ ಕರೆದುಕೊಂಡು ಹೊರಟ.

ಎರಡು ವರ್ಷ ಅವನಿಗೆ ಅದೇ ಕಸುಬು. ಇಂದು ತಗಡೂರಿನ ಕಡೆ, ನಾಳೆ ಸೋಮನಾಥಪುರದ ಕಡೆ. ಇಲ್ಲೊಂದು ಸಂಗತಿ ಹೇಳಬೇಕು, ಯಾಕೆಂದರೆ ಮುಂದಿನದೆಲ್ಲ ಅದರಿಂದಲೇ ಆಗಿದ್ದು. ನಾನ್‌ಸ್ಟಾಪ್ ಸೈಕಲ್ಲಿನವರು ಯಾವ ಊರಿನಲ್ಲೂ ಬಲಕ್ಕೇ ಸುತ್ತುತ್ತಾರೆ. ನಡುವೆ ಅರಳಿಕಟ್ಟೆ ಇರುತ್ತದೆ, ಇಲ್ಲದಿದ್ದರೆ ಒಂದು ಕಂಬ ನೆಟ್ಟು ಬುಡದಲ್ಲಿ ದೇವರ ಪಟ ಇಟ್ಟಿರುತ್ತಾರೆ. ಕರ್ಪೂರ ಹಚ್ಚಿ, ಕೈಮುಗಿದು, ಪ್ರದಕ್ಷಿಣೆಯ ಕಡೆಗೇ ಹೊರಡುವುದು. ಹೀಗೇ ಮಾಡಬೇಕೆಂದು ಯಾರೂ ಯಾರಿಗೂ ಹೇಳಿಕೊಟ್ಟಿರಲಿಲ್ಲ. ದೇವರನ್ನು ಎಡಕ್ಕೆ ಯಾರಾದರೂ ಸುತ್ತುತ್ತಾರೆಯೇ?

ನಾನು ಅವನನ್ನು ನೋಡಿದ್ದು 1994ರಲ್ಲಿ, ನರಸೀಪುರದ ಒಂದು ಬಯಲಿನಲ್ಲಿ. ನೆಂಟರ ಮನೆಗೆ ಹೋಗಿದ್ದೆ, ಹೊತ್ತು ಹೋಗದೆ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಅಲ್ಲಿಗೆ ಹೋಗಿ ನಿಂತೆ. ಒಂದು ಕೈಯಲ್ಲಿ ತಟ್ಟೆ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಮುದ್ದೆ ಮುರಿದು ಸಾರಿಗೆ ಅದ್ದಿ ನುಂಗುತ್ತಾ ಬಂದ. ಜನ ತಟ್ಟೆ ನೋಡಿ ಸಿಳ್ಳೆ ಹೊಡೆದರು. ನಾನು ನೋಡಿದ್ದು ಕಾಲು. ಬೆಳಿಗ್ಗೆ ಹೇಗೆ ತುಳಿಯುತ್ತಿದ್ದನೋ ಸಂಜೆಯೂ ಹಾಗೇ ತುಳಿಯುತ್ತಿದ್ದ. ಉಸಿರು ಏರಿರಲಿಲ್ಲ. ಮಾರನೆಯ ದಿನ ಅವನು ಸೈಕಲ್ ಇಳಿಯುವುದನ್ನೇ ಕಾದಿದ್ದು ಹಿಡಿದುಕೊಂಡೆ.

‘ಲೋ, ಮೈಸೂರಲ್ಲಿ ಜಿಲ್ಲಾ ತಂಡಕ್ಕೆ ಸೆಲೆಕ್ಷನ್ ಇದೆ. ಬರ್ತೀಯೇನೋ?’

‘ಅಲ್ಲೂ ಮೂರು ದಿನಾನಾ ಸಾ?’

‘ಇಲ್ಲ ಕಣೋ, ಅಲ್ಲಿ ನಿಮಿಷದ ಲೆಕ್ಕ.’

‘ಅಷ್ಟೇನಾ?’ ಅಂದ. ನನಗೆ ಆ ಮಾತು ಬಹಳ ಹಿಡಿಸಿತು.

ಮೈಸೂರಿನ ಮೈದಾನದಲ್ಲಿ ಟ್ರಯಲ್. ಒಬ್ಬೊಬ್ಬರೇ ಬಂದು ನಾಲ್ಕು ಸುತ್ತು ಹೊಡೆಯಬೇಕು, ಗಡಿಯಾರ ಹಿಡಿದವರು ಟೈಮ್ ಬರೆದುಕೊಳ್ಳುತ್ತಾರೆ. ಇವನ ಸರದಿ ಬಂತು. ಗೆರೆಯ ಮೇಲೆ ನಿಂತ, ನೆಲ ಮುಟ್ಟಿ ಕಣ್ಣಿಗೆ ಒತ್ತಿಕೊಂಡ, ವಿಸಲ್ ಊದಿದ್ದೇ ತಡ ಸೈಕಲ್ಲನ್ನು ಗರಕ್ಕನೆ ತಿರುಗಿಸಿ ಬಲಕ್ಕೆ ಹೊರಟುಬಿಟ್ಟ! ‘ಏಯ್, ಉಲ್ಟಾ, ಉಲ್ಟಾ!’ ಅಂತ ಎಲ್ಲರೂ ಕೂಗಿದರು. ಹುರಿದುಂಬಿಸುತ್ತಿದ್ದಾರೆ ಅಂತ ತಿಳಿದು ಇನ್ನೂ ಜೋರಾಗಿ ತುಳಿದ. ನಾಲ್ಕೂ ಸುತ್ತು ಉಲ್ಟಾ ಹೊಡೆದು ಆ ದಿನದ ಎಲ್ಲರಿಗಿಂತ ಕಡಿಮೆ ಟೈಮಿನಲ್ಲಿ ಮುಗಿಸಿದ. ಲೆಕ್ಕಕ್ಕೆ ಬರುವುದಿಲ್ಲ ಅಂದರು. ನಾನು ಜಗಳ ಆಡಿ ಇನ್ನೊಂದು ಅವಕಾಶ ಕೊಡಿಸಿದೆ. ಎಡಕ್ಕೆ ಹೊಡೆಯುವಾಗ ತಿರುವಿನಲ್ಲೆಲ್ಲ ತಡವರಿಸಿದ, ಒಂದು ಸಲ ಬೀಳುವ ಹಾಗೂ ಆಗಿತ್ತು. ಆದರೂ ಕೊನೆಯವನಾಗಿ ಆಯ್ಕೆಯಾದ.

‘ಯಾಕ್ ಸಾ ಎಡಕ್ಕೇ ಸುತ್ತೋದು?’ ಅಂತ ಬಸ್ಸಿನಲ್ಲಿ ಕೇಳಿದ.

‘ರೂಲ್ಸು ಕಣೋ. ಪ್ರಪಂಚದಲ್ಲೆಲ್ಲ ಹಂಗೇ. ಓಡೋರೂ ಎಡಕ್ಕೇ ಓಡ್ತಾರೆ.’ ಅಷ್ಟು ವರ್ಷ ಮಕ್ಕಳನ್ನು ಮೈದಾನದಲ್ಲಿ ಎಡಕ್ಕೆ ಓಡಿಸಿದ್ದವನು ನಾನು. ಯಾಕೆ ಅಂತ ನನಗೂ ಗೊತ್ತಿರಲಿಲ್ಲ.

ತಾಯಿಗೆ ಒಂದು ಮಾತು ಹೇಳಿ ಕರೆದುಕೊಂಡು ಹೋಗೋಣವೆಂದು ಮಲ್ಲಯ್ಯನಹುಂಡಿಗೆ ಹೋದೆ. ರಾಚಮ್ಮ ಜಗಲಿಯ ಮೇಲೆ ಹುಣಸೆಹಣ್ಣು ಬಿಡಿಸುತ್ತಾ ಕೂತಿದ್ದಳು. ಎಲ್ಲವನ್ನೂ ಕೇಳಿಸಿಕೊಂಡಳು. ಮಗ ಬಾಯಿ ತಪ್ಪಿ ‘ಅಲ್ಲಿ ಎಡಕ್ಕೆ ಸುತ್ತಬೇಕು ಕಣವ್ವ’ ಅಂದ. ಆಕೆಯ ಕೈ ನಿಂತಿತು.

‘ಎಡಕ್ಕಾ? ಎಡಕ್ಕೆ ಸುತ್ತೋದು ಯಾವಾಗ ಮೇಷ್ಟ್ರೇ? ನೀವೇ ಯೋಳಿ.’

ನನ್ನ ಉತ್ತರಕ್ಕೆ ಆಕೆ ಕಾಯಲಿಲ್ಲ.

‘ಇವರಪ್ಪ ಸತ್ತಾಗ ಮಡಕೆ ಒತ್ಕೊಂಡು ಗುಂಡಿ ಸುತ್ತ ಎಡಕ್ಕೆ ಸುತ್ತಿದ್ದು ಇವನೇಯ. ಇಷ್ಟುದ್ದ ಇದ್ದ, ಮಡಕೆ ಎತ್ತಾಕೆ ತ್ರಾಣ ಇರ್ಲಿಲ್ಲ. ನಾನು ಈ ಕಣ್ಣಲ್ಲಿ ನೋಡಿವ್ನಿ. ಅದ್ನ ದಿನಾ ಮಾಡು ಅಂತೀರಾ?’

‘ನೋಡಮ್ಮಾ, ಅದು ಬೇರೆ ಇದು ಬೇರೆ. ಇದು ಆಟ. ಫಾರಿನ್‌ನವರು ಮಾಡಿದ ರೂಲ್ಸು.’

‘ಅವ್ರಿಗೆ ಮನೇಲಿ ಯೋಳ್ಕೊಡೋರು ಯಾರೂ ಇರ್ಲಿಲ್ವಾ?’

ಆಕೆ ಮಗನ ಮುಖ ನೋಡಿದಳು. ಮಹೇಂದ್ರ ನೆಲ ನೋಡುತ್ತಿದ್ದ. ಅವನಿಗೆ ಹೋಗಲು ಎಷ್ಟು ಆಸೆ ಇತ್ತೆಂಬುದು ನನಗೂ ಕಾಣುತ್ತಿತ್ತು, ಹೆತ್ತವಳಿಗೆ ಕಾಣದೆ ಇರುತ್ತದೆಯೇ? ಹುಣಸೆಬೀಜವನ್ನು ಮೊರಕ್ಕೆ ಎಸೆದು, ‘ಓಗು’ ಅಂದಳು. ‘ಬಾವಿ ಅಗ್ಗ ಎಡಕ್ಕೆ ಸುತ್ಕೊಂಡ್ರೆ ಬಲಕ್ಕೆ ತಿರುಗ್ಸಿ ಬಿಚ್ಚಾಕಿಲ್ವಾ? ನೀನ್ ಸುತ್ಕೊಂಡ್ ಬಾ, ನಾನ್ ಬಿಚ್ತೀನಿ.’

ಏನೋ ಮಾತಿಗೆ ಅಂದಳು ಅಂತ ನಾನು ತಿಳಿದೆ. ಎದ್ದು ಬಂದೆ. ಆಮೇಲೆ ಆ ಮನೆಯಲ್ಲಿ ಏನು ನಡೆಯುತ್ತಿತ್ತೆಂಬುದು ನನಗೆ ಎಷ್ಟೋ ವರ್ಷ ಗೊತ್ತಾಗಲಿಲ್ಲ. ಗೊತ್ತಾದದ್ದನ್ನು ಅದರದರ ಜಾಗದಲ್ಲೇ ಹೇಳಿಬಿಡುತ್ತೇನೆ, ನಿಮ್ಮನ್ನು ಕಾಯಿಸಿ ನನಗೇನಾಗಬೇಕು.

1995ರಲ್ಲಿ ಪಕ್ಕದ ರಾಜ್ಯದ ಸಿಮೆಂಟ್ ಟ್ರ್ಯಾಕಿನಲ್ಲಿ ಅವನ ಮೊದಲ ಕೂಟ. ಬಾಣಲೆಯ ಅಂಚಿನಂತೆ ಓರೆಯಾಗಿ ಎದ್ದ ದಾರಿ. ಅಲ್ಲಿನ ಸೈಕಲ್ಲಿಗೆ ಬ್ರೇಕ್ ಇಲ್ಲ. ಗಾಲಿ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತಲೇ ಇರುತ್ತದೆ, ಕಾಲಿಗೆ ಬಿಡುವಿಲ್ಲ. ಮಿಕ್ಕವರಿಗೆ ಅದು ಹಿಂಸೆ, ಇವನಿಗೆ ಎರಡು ವರ್ಷದ ಅಭ್ಯಾಸ. ಉದ್ದನೆಯ ರೇಸಿನಲ್ಲಿ, ನಲವತ್ತು ಸುತ್ತಿನದು, ಎಲ್ಲರನ್ನೂ ಹಿಂದೆ ಹಾಕಿ ಬಂದ. ನಾನು ಸ್ವೀಟ್ ಹಂಚಿದೆ. ಊರಿಗೆ ಬಂದಾಗ ರಾಚಮ್ಮ ಗೆದ್ದೆಯಾ ಅಂತ ಕೇಳಲಿಲ್ಲವಂತೆ. ‘ಎಷ್ಟ್ ಸುತ್ಲಾ?’ ಅಂತ ಕೇಳಿದಳಂತೆ. ‘ನಲವತ್ತು’ ಅಂದ. ಸೆರಗು ಸಿಕ್ಕಿಸಿಕೊಂಡು ಹೋಗಿ ಅರಳಿಕಟ್ಟೆಯನ್ನು ನಲವತ್ತು ಸುತ್ತು ಬಲಕ್ಕೆ ಸುತ್ತಿ ಬಂದು ಒಲೆ ಹಚ್ಚಿದಳು.

‘ನಾನೇ ಸುತ್ತೀನಿ ಬುಡವ್ವ,’ ಅಂದನಂತೆ ಮಗ.

‘ನಿನ್ ದೃಷ್ಟಿನ ನೀನೇ ತೆಕ್ಕೊಂಡೀಯಾ? ಎತ್ತೋಳು ತೆಗೀಬೇಕು. ಇದೂ ಅಂಗೇಯ.’

ಮುಂದಿನ ಕೂಟದಲ್ಲಿ ಅರವತ್ತು ಸುತ್ತು. ಅಷ್ಟು ಹೊತ್ತಿಗೆ ರಾಚಮ್ಮನಿಗೆ ಮೊಣಕಾಲು ನೋವು ಶುರುವಾಗಿತ್ತು. ಮಗ ಕನಿಕರಪಟ್ಟು ‘ಹತ್ತು’ ಅಂದುಬಿಟ್ಟ. ಆಕೆ ಹತ್ತು ಸುತ್ತಿ ನೆಮ್ಮದಿಯಾಗಿ ಮಲಗಿದಳು. ಅದಾದ ಮೇಲಿನ ಕೂಟದಲ್ಲೇ, 1996ರಲ್ಲಿ, ಮೊದಲ ಸುತ್ತು ಮುಗಿಯುವ ಮುಂಚೆಯೇ ಮುಂದಿನವನು ಜಾರಿ ಅವನ ಮೇಲೆ ಇವನು ಬಿದ್ದು, ಭುಜದ ಮೂಳೆ ಮುರಿಯಿತು. ಕೈಗೆ ಕಟ್ಟು ಹಾಕಿಸಿಕೊಂಡು ಮನೆಗೆ ಬಂದ. ರಾಚಮ್ಮ ಮುಂದೆ ಕೂರಿಸಿಕೊಂಡು, ‘ಓದ ಸಲ ನಿಜವಾಗ್ಲೂ ಎಷ್ಟು ಸುತ್ತಿದ್ದೆ, ಬೊಗಳು’ ಅಂದಳು. ಬೊಗಳಿದ. ಆಕೆ ಅಳಲಿಲ್ಲ, ಬೈಯಲಿಲ್ಲ. ಮಗನನ್ನು ಕೈ ಹಿಡಿದು ಕರೆದುಕೊಂಡು ಹೋಗಿ ಕಟ್ಟೆಯ ಮೇಲೆ ಕೂರಿಸಿ, ಉಳಿದಿದ್ದ ಐವತ್ತು ಸುತ್ತನ್ನು ಕುಂಟುತ್ತಾ ಅವನ ಕಣ್ಣೆದುರಿಗೇ ಸುತ್ತಿದಳು. ಸುತ್ತು ಸುತ್ತಿಗೂ ಅವನ ಮುಂದೆ ಹಾದು ಹೋಗಬೇಕಲ್ಲ. ಆ ಐವತ್ತು ಸಲ ಅವನು ತಲೆ ಎತ್ತಲಿಲ್ಲವಂತೆ.

ಕಟ್ಟು ಬಿಚ್ಚಿದ ಮೇಲೆ ನನ್ನ ಹತ್ತಿರ ಬಂದು, ‘ಸಾ, ಉದ್ದದ್ ರೇಸ್ ಬ್ಯಾಡ ಸಾ. ಒಂದ್ ಕಿಲೋಮೀಟರಿಂದು ಅದೆಯಲ್ಲ, ಅದ್ಕೆ ಬರ್ಕೊಳಿ’ ಅಂದ. ಒಂದು ಕಿಲೋಮೀಟರ್ ಎಂದರೆ ಆ ಟ್ರ್ಯಾಕಿನಲ್ಲಿ ಮೂರೇ ಸುತ್ತು. ಒಂದೇ ಉಸಿರಿಗೆ ಸಿಡಿದು ಮುಗಿಸುವ ರೇಸು. ಅದಕ್ಕೆ ಕಟ್ಟುಮಸ್ತಾದ ದಪ್ಪ ತೊಡೆಯವರು ಬೇಕು. ಇವನು ಕಡ್ಡಿ. ಬಿಸಿಯೇರುವಷ್ಟರಲ್ಲಿ ರೇಸ್ ಮುಗಿದು ಹೋಗಿರುತ್ತಿತ್ತು. ಬಿದ್ದ ಭಯ ಅಂತ ನಾನು ತಿಳಿದೆ. ಬುದ್ಧಿ ಹೇಳಿದೆ, ರೇಗಿದೆ, ‘ಎತ್ತಿನ ಗಾಡಿಗೆ ಹೂಡಬೇಕಾದ್ದನ್ನ ಜಟಕಾಕ್ಕೆ ಹೂಡ್ತೀನಿ ಅಂತೀಯಲ್ಲೋ, ಹೇಡಿ’ ಅಂತ ಎಲ್ಲರೆದುರಿಗೆ ಅಂದೆ. ‘ಅಂಗೇ ಅನ್ಕೊಳಿ ಸಾ’ ಅಂದ. ಸಿಟ್ಟು ನೆತ್ತಿಗೇರಿತು.

ಆಮೇಲಿನ ಐದು ವರ್ಷ ಅವನ ವೃತ್ತಿಜೀವನವೆಂದರೆ ಇಷ್ಟೇ: ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದ ಒಂದು ಕಾರ್ಖಾನೆಯಲ್ಲಿ ಗುತ್ತಿಗೆ ಕೂಲಿ, ಬೆಳಿಗ್ಗೆ ಮೈಸೂರು ರಸ್ತೆಯಲ್ಲಿ ಅಭ್ಯಾಸ, ವರ್ಷಕ್ಕೆ ಎರಡೋ ಮೂರೋ ಕೂಟ, ಪ್ರತಿ ಕೂಟದಲ್ಲೂ ನಾಲ್ಕನೆಯವನೋ ಐದನೆಯವನೋ ಆಗಿ ವಾಪಸ್ಸು. ನೇರ ರಸ್ತೆಯಲ್ಲಿ ತುಳಿದರೆ ಸುತ್ತಿಲ್ಲ, ಲೆಕ್ಕವೂ ಇಲ್ಲ. ಮಿಕ್ಕವರು ರೇಸಿಗೆ ಮುಂಚೆ ಮೈ ಬಿಸಿ ಮಾಡಿಕೊಳ್ಳಲು ಟ್ರ್ಯಾಕಿನಲ್ಲಿ ಸುತ್ತುತ್ತಿದ್ದರೆ ಇವನು ಗೇಟಿನ ಆಚೆ ರೋಡಿನಲ್ಲಿ ಬಾಡಿಗೆ ಸೈಕಲ್ ತುಳಿಯುತ್ತಿದ್ದ. ಇದೆಂಥ ಚಾಳಿ ಅಂತ ನಾನು ಹಲ್ಲು ಕಡಿಯುತ್ತಿದ್ದೆ. ನಂಜನಗೂಡಿನ ಪೋಲಿಗಳು ‘ಮೂರು ಸುತ್ತಿನ ಮಹೇಂದ್ರ’ ಅಂತ ಹೆಸರಿಟ್ಟರು. ಅದೂ ಅವನಿಗೆ ತಾಕಿದ ಹಾಗೆ ಕಾಣಲಿಲ್ಲ. ಅವನು ಊರಿಗೆ ಹೋಗಿ ‘ಮೂರು’ ಅಂತಿದ್ದ, ಆಕೆ ಮೂರು ಸುತ್ತಿ ಬರುತ್ತಿದ್ದಳು, ಇಬ್ಬರೂ ಉಣ್ಣುತ್ತಿದ್ದರು.

2001ರಲ್ಲಿ ರೈಲ್ವೆಯಲ್ಲಿ ಕ್ರೀಡಾ ಕೋಟಾದ ಕೆಲಸಕ್ಕೆ ಅರ್ಜಿ ಕರೆದರು. ರಾಷ್ಟ್ರಮಟ್ಟದ ಪದಕ ಬೇಕು, ನಾಲ್ಕನೇ ಸ್ಥಾನ ಸಾಲದು. ಮಹೇಂದ್ರನಿಗೆ ಇಪ್ಪತ್ತೈದು ತುಂಬುತ್ತಿತ್ತು, ಅದೇ ಕೊನೆಯ ವಯಸ್ಸು. ಈ ಸಲ ತಪ್ಪಿದರೆ ಸಾಯುವ ತನಕ ಗುತ್ತಿಗೆ ಕೂಲಿ. ಆ ವರ್ಷದ ರಾಷ್ಟ್ರೀಯ ಕೂಟ ಅದೇ ಪಕ್ಕದ ರಾಜ್ಯದ ಟ್ರ್ಯಾಕಿನಲ್ಲಿತ್ತು. ಅಲ್ಲಿ ಅವನು ಗೆಲ್ಲಬಹುದಾದ ರೇಸ್ ಒಂದೇ ಒಂದು, ತೊಂಬತ್ತು ಸುತ್ತಿನದು. ಹತ್ತು ಸುತ್ತಿಗೊಮ್ಮೆ ಗೆರೆ ಮೊದಲು ದಾಟಿದವರಿಗೆ ಪಾಯಿಂಟು, ಹೆಚ್ಚು ಪಾಯಿಂಟು ಬಂದವನು ಗೆದ್ದ. ಕಾರ್ಖಾನೆಯ ಗೇಟಿನಲ್ಲೇ ಅವನನ್ನು ಹಿಡಿದು, ‘ಇದಕ್ಕೆ ಹೆಸರು ಕೊಡದೆ ಇದ್ರೆ ನನ್ನ ಮುಖ ನೋಡ್ಬೇಡ’ ಅಂದೆ.

ಅವನು ಗೇಟಿನ ಪಕ್ಕದ ಮೋರಿಯ ಕಟ್ಟೆಯ ಮೇಲೆ ಕುಸಿದು ಕೂತ. ‘ತೊಂಬತ್ತು ಸುತ್ತು ನಮ್ಮವ್ವ ಎಲ್ಲಿ ಸುತ್ತಾಳು ಸಾ?’ ಅಂದ. ಆಗ ಎಲ್ಲವನ್ನೂ ಹೇಳಿದ. ನಲವತ್ತು, ಹತ್ತು, ಭುಜದ ಮೂಳೆ, ಐವತ್ತು, ಎಲ್ಲ.

ನನಗೆ ಮೊದಲು ನಗು ಬಂತು. ಆಮೇಲೆ ಕೆಟ್ಟ ಕೋಪ ಬಂತು, ಯಾರ ಮೇಲೆ ಅಂತ ತಿಳಿಯದೆ ಅದೂ ಇಳಿದು ಹೋಯಿತು. ಐದು ವರ್ಷ! ಅಯ್ಯೋ ಪುಣ್ಯಾತ್ಮ, ಒಂದು ಮಾತು ಬಾಯಿ ಬಿಡಬಾರದಿತ್ತೇ?

ಭಾನುವಾರ ಇಬ್ಬರೂ ಮಲ್ಲಯ್ಯನಹುಂಡಿಗೆ ಹೋದೆವು. ರಾಚಮ್ಮನ ಮೊಣಕಾಲು ಊದಿಕೊಂಡಿತ್ತು. ನಂಜನಗೂಡಿನ ಡಾಕ್ಟರು ಹೆಚ್ಚು ನಡೆಯಕೂಡದು ಅಂದಿದ್ದರು. ಕೋಲು ಹಿಡಿದು ಬಾಗಿಲಿಗೆ ಬರುವಷ್ಟರಲ್ಲೇ ಹಣೆ ಬೆವರುತ್ತಿತ್ತು. ನಾನು ಸುತ್ತಿ ಬಳಸಿ ವಿಷಯಕ್ಕೆ ಬಂದೆ. ಈ ಸಲ ಒಂದು ಹರಕೆ ಹೊತ್ತುಬಿಡೋಣ, ಒಂದು ಪೂಜೆ ಕೊಟ್ಟರೆ ಎಲ್ಲಕ್ಕೂ ಆಯಿತು ಅಂದೆ.

‘ಪೂಜೆ ಕೊಟ್ರೆ ಸುತ್ತು ಬಿಚ್ಚೀತಾ ಮೇಷ್ಟ್ರೇ? ಓಗ್ಲಿ, ಎಷ್ಟ್ ಸುತ್ತದು?’

‘ತೊಂಬತ್ತು ಅವ್ವ,’ ಅಂದ ಮಗ.

ಆಕೆ ಬಾಗಿಲಿನಿಂದ ಅರಳಿಕಟ್ಟೆಯನ್ನು ನೋಡಿದಳು.

‘ಗೆದ್ರೆ ಕೆಲ್ಸ ಗ್ಯಾರಂಟಿಯಾ?’

‘ಗ್ಯಾರಂಟಿ ಅನ್ನಬಹುದು ಕಣಮ್ಮ,’ ಅಂದೆ.

‘ಅಂಗಾದ್ರೆ ಓಗ್ಲಾ. ನನ್ ಮೊಣಕಾಲಿಗೆ ಅಂತ ಕೆಲ್ಸ ಬುಡ್ತೀಯಾ?’

‘ನೀನು ಸುತ್ತಾಕಿಲ್ಲ ಅಂತ ಮಾತು ಕೊಡು, ಓಯ್ತೀನಿ.’

‘ಅದ್ ಮಾತ್ರ ಕೊಡಾಕಿಲ್ಲ,’ ಅಂದಳು. ‘ದಿನಕ್ಕೆ ಐದಾದ್ರೂ ಸರಿ, ತೆವಳ್ಕೊಂಡಾದ್ರೂ ಸರಿ, ಸುತ್ತೇ ಸುತ್ತೀನಿ. ಒಂದ್ಸಲ ಬಾಕಿ ಬುಟ್ಟು ನಿನ್ ಮೂಳೆ ಮುರೀತು. ಇನ್ನೊಂದ್ಸಲ ಬುಡಾಕಿಲ್ಲ.’

ಅವನು ಎದ್ದು ಹೊರಗೆ ಹೋದ. ರೇಸಿಗೆ ಹೆಸರು ಕೊಟ್ಟಿದ್ದು ಕೊನೆಯ ದಿನ.

ನ್ಯಾಷನಲ್ಸ್‌ಗೆ ನಾನು ರಜೆ ಹಾಕಿ ಜೊತೆಗೆ ಹೋದೆ. ಆ ರೇಸನ್ನು ವರ್ಣಿಸಲು ನನಗೆ ಬರುವುದಿಲ್ಲ, ವರ್ಣಿಸುವಂಥದ್ದೂ ಅಲ್ಲಿರಲಿಲ್ಲ. ಮೊದಲ ಮೂವತ್ತು ಸುತ್ತು ಗುಂಪಿನ ಬಾಲದಲ್ಲಿದ್ದ. ಪಂಜಾಬಿನ ಕಡೆಯ ದಪ್ಪ ತೊಡೆಯವರು ಹತ್ತು ಸುತ್ತಿಗೊಮ್ಮೆ ಸಿಡಿದು ಪಾಯಿಂಟು ಬಾಚಿಕೊಂಡರು. ನಡುವೆ ಎಲ್ಲೋ ಅವರ ಬಾಯಿ ತೆರೆದುಕೊಂಡಿತು. ಇವನು ಆಗ ಮುಂದೆ ಬಂದ. ಬೆಳಿಗ್ಗೆ ತುಳಿದ ಹಾಗೇ ಸಂಜೆಯೂ ತುಳಿಯುವ ಆ ಕಾಲು ನನಗೆ ಗುರುತು ಸಿಕ್ಕಿತು. ಐವತ್ತಾದ ಮೇಲಿನ ಪಾಯಿಂಟೆಲ್ಲ ಇವನದೇ. ಕೊನೆಯ ಹತ್ತು ಸುತ್ತಿನಲ್ಲಿ ಮಿಕ್ಕವರು ಹಲ್ಲು ಕಿರಿದು ಒದ್ದಾಡುತ್ತಿದ್ದರೆ ಇವನು ಒಂದು ಕೈ ಬಿಟ್ಟು ಮೂಗು ಒರೆಸಿಕೊಂಡ. ತಲೆ ಬಾಚಿಕೊಳ್ಳಲಿಲ್ಲ, ಅಷ್ಟೇ. ನಾನು ಕೂಗಿ ಕೂಗಿ ಗಂಟಲು ಕಟ್ಟಿಸಿಕೊಂಡೆ. ಚಿನ್ನ!

ಬೇರೆ ಸಲ ಗೆರೆ ದಾಟಿದ್ದೇ ಕಾಲೊತ್ತಿ ನಿಲ್ಲಿಸಿಬಿಡುತ್ತಿದ್ದ, ಈ ಸಲ ಬ್ರೇಕಿಲ್ಲದ ಸೈಕಲ್ಲು ನಿಲ್ಲಲು ಇನ್ನೊಂದು ಸುತ್ತು ಹಿಡಿಯಿತು. ನಿಂತದ್ದೇ ಹುಲ್ಲಿಗಿಳಿದು ಕೂತುಬಿಟ್ಟ. ಗೆದ್ದವನು ಬಾವುಟ ಹಿಡಿದು ಒಂದು ಜಯದ ಸುತ್ತು ಹಾಕುವುದು ಅಲ್ಲಿನ ಪದ್ಧತಿ. ಅಧಿಕಾರಿಗಳು ಬಾವುಟ ತಂದರು. ‘ನೋ ಸಾ’ ಅಂದ. ಕಾಲು ಹಿಡಿದುಕೊಂಡಿದೆಯೇನೋ ಅಂತ ನೀರು ಕೊಟ್ಟರು. ಕುಡಿದು, ಮತ್ತೆ ‘ನೋ ಸಾ’ ಅಂದ.

‘ಹೋಗೋ ಲೇ, ಒಂದೇ ಸುತ್ತು,’ ಅಂದೆ ನಾನು.

‘ಆ ಒಂದೂ ಅವ್ವನ ಕಾಲ್ಮೇಲೇ ಬೀಳೋದು ಸಾ.’

ಕೊನೆಗೆ ಎರಡನೆಯವನೇ ಬಾವುಟ ತೆಗೆದುಕೊಂಡು ಒಂದಲ್ಲ ಎರಡು ಸುತ್ತು ಹಾಕಿ, ಎಲ್ಲರಿಗೂ ಕೈ ಬೀಸಿ ಖುಷಿಪಟ್ಟ. ಗೆದ್ದವನಿಗೆ ಸೊಕ್ಕು ಅಂತ ಪಕ್ಕದಲ್ಲಿ ಯಾರೋ ಇಂಗ್ಲಿಷಿನಲ್ಲಿ ಅಂದರು. ನಾನು ಕನ್ನಡದಲ್ಲಿ ಬೈದೆ. ಆ ಪದಕದ ಮೇಲೆ ಮುಂದಿನ ವರ್ಷ ಅವನಿಗೆ ರೈಲ್ವೆಯಲ್ಲಿ ಕೆಲಸವಾಯಿತು, ಈಗಲೂ ಅಲ್ಲೇ ಇದ್ದಾನೆ. ಆದರೆ ನಾನು ಹೇಳಲು ಹೊರಟಿದ್ದು ಅದನ್ನಲ್ಲ.

ರೈಲಿನಲ್ಲಿ ಬರುವಾಗ ಅವನಿಗೆ ಹೇಳಿಕೊಟ್ಟೆ. ‘ಬೀಳದೆ ಬಂದಿದ್ದೀಯ, ಗೆದ್ದೂ ಬಂದಿದ್ದೀಯ. ಜನ ಬರ್ಲಿಲ್ಲ, ರೇಸ್ ಸಣ್ಣದು ಮಾಡಿದ್ರು, ಹತ್ತೇ ಸುತ್ತು ಅಂದ್ಬಿಡು. ನಾನೂ ಹೌದು ಅಂತೀನಿ.’

‘ಒಂದ್ಸಲ ಹತ್ತು ಅಂದಿದ್ದು ಸಾಲ್ದಾ ಸಾ?’

‘ಹಂಗಾದ್ರೆ ನೀನೂ ನಂಬ್ತೀಯೇನೋ ಇದನ್ನೆಲ್ಲ?’

‘ನಂಬ್ತೀನೋ ಇಲ್ವೋ ಗೊತ್ತಿಲ್ಲ. ಅವ್ವ ಮೊಖ ನೋಡ್ಕಂಡು ಕೇಳ್ದಾಗ ಸುಳ್ಳು ಬರಾಕಿಲ್ಲ ಸಾ.’ ಆಮೇಲೆ ಮೈಸೂರು ಬರುವ ತನಕ ಕಿಟಕಿಯ ಆಚೆ ನೋಡುತ್ತಾ ಕೂತ.

ಗೇಟಿನಲ್ಲಿ ಬಸ್ಸಿಳಿದು ನಡೆದು ಊರು ಸೇರಿದಾಗ ಮೂರು ಗಂಟೆಯ ಬಿಸಿಲು. ರಾಚಮ್ಮ ಜಗಲಿಯಲ್ಲೇ ಕೂತಿದ್ದಳು. ಪಕ್ಕದಲ್ಲಿ ನೆರೆಮನೆಯ ಮುದುಕಿ ಪುಟ್ಟಮಾದಮ್ಮ. ಮಗ ಬಂದು ಮುಂದೆ ನಿಂತ. ಆಕೆ ಅವನ ಕೈ, ಭುಜ, ಮಂಡಿ ಎಲ್ಲ ಒಂದೊಂದಾಗಿ ನೋಡಿ, ‘ಎಷ್ಟ್ ಸುತ್ಲಾ?’ ಅಂದಳು.

‘ತೊಂಬತ್ತು. ಸೈಕಲ್ ನಿಲ್ಲೋಕೆ ಒಂದು. ತೊಂಬತ್ತೊಂದು ಕಣವ್ವ.’

ನನಗೆ ತಡೆಯಲಾಗಲಿಲ್ಲ. ‘ಚಿನ್ನದ ಪದಕ ಕಣಮ್ಮಾ! ಇಂಡಿಯಾಕ್ಕೇ ಮೊದಲನೆಯವನು!’ ಅಂದೆ.

‘ಸಂತೋಸ ಮೇಷ್ಟ್ರೇ,’ ಅಂದು ಆಕೆ ಕೋಲು ಹುಡುಕಿದಳು. ಎದ್ದಳು. ಜಗಲಿಯ ಒಂದು ಮೆಟ್ಟಿಲು ಇಳಿಯುವಾಗ ‘ಶಿವನೇ’ ಅಂತ ಕಂಬ ಹಿಡಿದುಕೊಂಡಳು.

ಮಹೇಂದ್ರ ಅಲ್ಲಿರಲಿಲ್ಲ. ಎದುರು ಮನೆಯ ಹಾಲಿನ ಮಾದಯ್ಯನ ಸೈಕಲ್ಲನ್ನು ತಳ್ಳಿಕೊಂಡು ಬಂದ. ಕ್ಯಾನು ಕಟ್ಟುವ ಅಗಲವಾದ ಕ್ಯಾರಿಯರ್ ಇತ್ತು ಅದಕ್ಕೆ. ಗೋಣಿಚೀಲ ನಾಲ್ಕು ಮಡಿಕೆ ಮಾಡಿ ಅದರ ಮೇಲೆ ಹಾಕಿದ. ‘ಕೂತ್ಕೊವ್ವ,’ ಅಂದ.

‘ಏನ್ಲಾ ಇದು?’

‘ಸುತ್ತೋಳು ನೀನೇಯ. ನಾನು ತುಳಿಯೋದು ಅಷ್ಟೇಯ.’

‘ಕುಂತ್ಕೊಂಡು ಸುತ್ತಿದ್ರೆ ದೇವ್ರು ಒಪ್ಪಾನಾ? ಬುಡು, ಬುಡು.’

ನಾನು ಏನಾದರೂ ಹೇಳೋಣವೆಂದು ಬಾಯಿ ತೆರೆದೆ. ಅಷ್ಟರಲ್ಲಿ ಪುಟ್ಟಮಾದಮ್ಮ ಎಲೆಅಡಿಕೆ ಉಗಿದು, ‘ದೇವ್ರು ನಡ್ಕಂಡು ಸುತ್ತಾನಾ ರಾಚಿ?’ ಅಂದಳು. ‘ಅವನೂ ಅಡ್ಡೆಪಲ್ಲಕ್ಕಿ ಮೇಲೆ ಕುಂತ್ಕಂಡೇ ಅಲ್ವಾ ಊರು ಸುತ್ತೋದು? ಒತ್ತೋರು ಒತ್ತಾರೆ. ಸುತ್ತಿದ್ದು ಒತ್ತೋರು ಅಂತೀವಾ, ದೇವ್ರು ಅಂತೀವಾ? ಕುಂತ್ಕೊಮ್ಮಿ ಸುಮ್ಕೆ.’

ನಾನು ತೆರೆದ ಬಾಯಿ ಮುಚ್ಚಿದೆ. ರಾಚಮ್ಮ ನಾಗರ ಕಲ್ಲಿನ ಕಡೆ ನೋಡಿ ಕೈಮುಗಿದು, ಗೋಣಿಚೀಲದ ಮೇಲೆ ಒಂದು ಪಕ್ಕಕ್ಕೆ ಕೂತು, ಮಗನ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಮಹೇಂದ್ರ ನೆಲ ಮುಟ್ಟಿ ಕಣ್ಣಿಗೊತ್ತಿಕೊಂಡು ಬಲಕ್ಕೆ ಹೊರಟ.

ಮೊದಲ ಕೆಲವು ಸುತ್ತು ಆಕೆ ಕಣ್ಣು ಬಿಡಲಿಲ್ಲ. ಪುಟ್ಟಮಾದಮ್ಮ ಜೋರಾಗಿ ಎಣಿಸತೊಡಗಿದಳು. ಇಪ್ಪತ್ತು ದಾಟುವಷ್ಟರಲ್ಲಿ ಗದ್ದೆಯಿಂದ ಬರುವವರು ನಿಂತರು, ಮನೆಯೊಳಗಿದ್ದವರು ಹೊರಗೆ ಬಂದರು. ಯಾರೋ ‘ನಾನ್‌ಸ್ಟಾಪ್ ಕಣ್ರಲಾ!’ ಅಂತ ಕೂಗಿದರು, ಊರೇ ನಕ್ಕಿತು. ಎಲ್ಲರೂ ಸೇರಿ ಎಣಿಸಿದರು. ರಾಚಮ್ಮ ಕಣ್ಣು ಬಿಟ್ಟಿದ್ದು ಆಗ. ಮೂವತ್ತೋ ನಲವತ್ತೋ ಆದ ಮೇಲೆ ಒಂದು ಕೈ ಬಿಟ್ಟು ಸೆರಗು ಸರಿಮಾಡಿಕೊಂಡಳು. ಇನ್ನೊಂದು ಸುತ್ತಿಗೆ ಬಂದಾಗ, ಕೋಳಿ ಒಳಗೆ ಹೋಯಿತು ನೋಡಿ ಅಂತ ಯಾರಿಗೋ ಗದರಿದಳು. ಮತ್ತೊಂದು ಸುತ್ತಿಗೆ, ‘ಗಾಳಿ ಚೆಂದಾಗದೆ ಕಲಾ’ ಅಂದದ್ದು ನನಗೆ ಕೇಳಿಸಿತು. ಅವಳು ಅವನ ರೇಸನ್ನು ಒಂದು ದಿನವೂ ನೋಡಿದವಳಲ್ಲ. ಮಹೇಂದ್ರನ ಬೆನ್ನು ನನಗೆ ಕಾಣುತ್ತಿತ್ತು, ಕಾಲು ಕಾಣುತ್ತಿತ್ತು. ನನ್ನ ಕಣ್ಣು ಒದ್ದೆಯಾಯಿತು, ಅದನ್ನು ಮುಚ್ಚಿಡಲು ನನಗೆ ಇಷ್ಟವಿಲ್ಲ.

‘ತೊಂಬತ್ತೊಂದು!’ ಅಂತ ಇಡೀ ಊರು ಕೂಗಿತು. ಸೈಕಲ್ ನಿಲ್ಲಲಿಲ್ಲ.

‘ಆಯ್ತಲ್ಲ, ಇಳ್ಸು,’ ಅಂದಳು ರಾಚಮ್ಮ.

‘ಇದೊಂದು ಅಲ್ಲಿ ಬುಟ್ಬಂದಿದ್ದು ಕಣವ್ವ. ಗೆದ್ದೋರು ಆಕೋ ಸುತ್ತು.’

ಕಟ್ಟೆಯನ್ನು ಪೂರಾ ಬಳಸಿ ನಮ್ಮ ಮುಂದೆ ಬಂದಾಗ ಮಗನ ಬೆನ್ನಿಗೆ ಒಂದು ಗುದ್ದಿದಳು.

‘ಇಂಡಿಯಾಕ್ಕೇ ಮೊದಲ್ನೇಯೋನು ಅಂತಾರೆ ಮೇಷ್ಟ್ರು, ಒಂದೇ ಸುತ್ತಾ? ಇನ್ನೊಂದ್ ಒಡಿ.’